ಯಾರ ಪಕ್ಕ ಯಾರು ಕೂರಬೇಕು

ಲಾಗ್ ಓಡುತ್ತಲೇ ಇದೆ. ಕಪ್ಪು ಪರದೆಯ ಕೆಳಗಿನಿಂದ ಬಿಳಿ ಸಾಲುಗಳು ಹುಟ್ಟಿ ಮೇಲಕ್ಕೆ ಸರಿಯುತ್ತಿವೆ, ನಡುನಡುವೆ ಒಂದೊಂದು ಕೆಂಪಗೆ. ನೀವು ಹುಡುಗನ ಕುರ್ಚಿಯ ಹಿಂದೆ ನಿಂತಿದ್ದೀರಿ. ಬೆಂಗಳೂರಿನ ಒಂದು ಕಚೇರಿಯ ಮೂರನೇ ಮಹಡಿ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಹಳೆಯ ಕನ್ನಡ ಪತ್ರಿಕೆಗಳ ಸ್ಕ್ಯಾನ್ ಮಾಡಿದ ಪುಟಗಳನ್ನು ಡೇಟಾಬೇಸಿಗೆ ತುಂಬುವ ಕೆಲಸ ನಡೆದಿದೆ.

"ಮತ್ತೆ ಅದೇ, ಮೇಡಂ" ಅನ್ನುತ್ತಾನೆ ಹುಡುಗ.

ಪಕ್ಕದ ಮೇಜಿನಿಂದ ಮೇಡಂ ಕುರ್ಚಿಯನ್ನು ಕಾಲಿನಿಂದ ತಳ್ಳಿಕೊಂಡು ಬರುತ್ತಾರೆ. ಮಲೆನಾಡಿನವರು. ಇಪ್ಪತ್ತು ವರ್ಷದಿಂದ ಪೈಥಾನ್ ಬರೆಯುತ್ತಿದ್ದರೂ ಮಾತಿನಲ್ಲಿ ಮಾರಾಯ ಬಿಟ್ಟಿಲ್ಲ. "ಓಡಿಸೋದು ನಿಲ್ಲಿಸು ಮಾರಾಯ. ಮೊದಲು ಅದು ಏನು ಹೇಳ್ತಿದೆ ಅಂತ ಓದು."

ನೀವೂ ಬಗ್ಗಿ ಓದಿ. ಕೆಂಪು ಸಾಲಿನಲ್ಲಿ ಮೊದಲು ಕಾನ್‌ಫ್ಲಿಕ್ಟ್ ಎರರ್ ಎಂಬ ಹೆಸರಿದೆ. ಆಮೇಲೆ ಒಂದು ಆಬ್ಜೆಕ್ಟಿನ ಗುರುತು ಸಂಖ್ಯೆ, ಅದರ ಕ್ಲಾಸಿನ ಹೆಸರು, ಕೊನೆಗೆ ಎರಡು ಸೀರಿಯಲ್ ಸಂಖ್ಯೆ. ಒಂದು, ಈ ಟ್ರಾನ್ಸಾಕ್ಷನ್ ಶುರುವಾದಾಗ ಆ ಆಬ್ಜೆಕ್ಟ್ ಯಾವ ಆವೃತ್ತಿಯಲ್ಲಿತ್ತು ಎಂಬುದು. ಇನ್ನೊಂದು, ಈಗ ಡಿಸ್ಕ್ ಮೇಲೆ ಯಾವ ಆವೃತ್ತಿ ಕೂತಿದೆ ಎಂಬುದು. ಎರಡೂ ಬೇರೆ ಬೇರೆ. ತೆಗೆದುಕೊಂಡು ತಿದ್ದಿ ವಾಪಸ್ ಇಡಲು ಬರುವಷ್ಟರಲ್ಲಿ ಇನ್ಯಾರೋ ಅದನ್ನೇ ತಿದ್ದಿ ಇಟ್ಟುಹೋಗಿದ್ದಾರೆ. ಆ ಇನ್ಯಾರೋ ಹೊರಗಿನವರಲ್ಲ. ಕೆಲಸ ಬೇಗ ಮುಗಿಯಲಿ ಎಂದು ಹುಡುಗ ಒಟ್ಟಿಗೇ ಓಡಬಿಟ್ಟ ನಾಲ್ಕು ಪ್ರೋಸೆಸ್‌ಗಳು ಒಂದರ ಕಾಲನ್ನು ಇನ್ನೊಂದು ತುಳಿಯುತ್ತಿವೆ.

ಡೇಟಾಬೇಸ್ ಝಡ್‌ಓಡಿಬಿ. ಝೋಪ್ ಎಂಬ ವೆಬ್ ವೇದಿಕೆಗಾಗಿ ಜಿಮ್ ಫುಲ್ಟನ್ ಕಟ್ಟಿದ್ದು. ಅವರಿದ್ದ ಕಂಪನಿ ಅಮೆರಿಕದ ವರ್ಜೀನಿಯಾ ರಾಜ್ಯದ ಫ್ರೆಡರಿಕ್ಸ್‌ಬರ್ಗ್‌ನಲ್ಲಿತ್ತು. ಇದರಲ್ಲಿ ಟೇಬಲ್ ಇಲ್ಲ, ಎಸ್‌ಕ್ಯೂಎಲ್ ಇಲ್ಲ. ಪೈಥಾನ್ ಆಬ್ಜೆಕ್ಟ್‌ಗಳನ್ನು ಪಿಕಲ್ ಮಾಡಿ, ಅಂದರೆ ಬೈಟ್‌ಗಳ ಸಾಲಾಗಿಸಿ, ಪ್ರತಿಯೊಂದಕ್ಕೂ 8 ಬೈಟಿನ ಗುರುತು ಸಂಖ್ಯೆ ಕೊಟ್ಟು, ಒಂದೇ ಕಡತದ ಕೊನೆಗೆ ಸೇರಿಸುತ್ತಾ ಹೋಗುವುದು ಅದರ ರೀತಿ. ಸರ್ನ್ ಸಂಶೋಧನಾ ಕೇಂದ್ರದ ಇಂಡಿಕೋ ಎಂಬ ಸಮ್ಮೇಳನ ವ್ಯವಸ್ಥೆ ಬಹಳ ಕಾಲ ಇದರ ಮೇಲೆಯೇ ನಡೆದು, 2017ರಲ್ಲಿ ಪೋಸ್ಟ್‌ಗ್ರೆಸ್‌ಗೆ ಹೋಯಿತು. ಪ್ಲೋನ್ ಎಂಬ ಜಾಲತಾಣ ನಿರ್ವಹಣಾ ವ್ಯವಸ್ಥೆ ಇಂದಿಗೂ ಇದರ ಮೇಲೆಯೇ ನಿಂತಿದೆ. ಇಲ್ಲಿ ಕ್ವೆರಿಯ ದಾರಿಯನ್ನು ನಿಮಗಾಗಿ ಯೋಚಿಸುವ ಪ್ಲಾನರ್ ಯಾರೂ ಇಲ್ಲ. ಬೇಕಾದದ್ದು ಬೇಗ ಸಿಗಬೇಕೆಂದರೆ ಯಾವ ಸಂಗ್ರಹದಲ್ಲಿ, ಯಾವ ಕೀ ಕೊಟ್ಟು ಇಡುತ್ತೀರಿ ಎಂಬುದನ್ನು ಮೊದಲೇ ನೀವೇ ತೀರ್ಮಾನಿಸಬೇಕು.

"ಮೊದಲು ಪುಟಗಳನ್ನ ಎಲ್ಲಿ ಇಟ್ಟಿದ್ದೆ?" ಮೇಡಂ ಕೇಳುತ್ತಾರೆ.

"ಪರ್ಸಿಸ್ಟೆಂಟ್ ಮ್ಯಾಪಿಂಗ್‌ನಲ್ಲಿ ಮೇಡಂ. ಡಿಕ್ಷನರಿ ಥರಾನೇ ಇತ್ತಲ್ಲ ಅಂತ."

ಡಿಕ್ಷನರಿಯ ಹಾಗೇ ಇದೆ ನಿಜ, ತೊಂದರೆ ಇರುವುದೂ ಅಲ್ಲೇ. ಇಡೀ ಮ್ಯಾಪಿಂಗ್ ಒಂದೇ ಆಬ್ಜೆಕ್ಟ್, ಒಂದೇ ಪಿಕಲ್. ಅದರೊಳಗೆ ಒಂದು ಲಕ್ಷ ನಮೂದುಗಳಿದ್ದು, ಒಂದೊಂದಕ್ಕೆ ಕೀ ಮತ್ತು ಕೊಂಡಿ ಸೇರಿ 50 ಬೈಟ್ ಎಂದಿಟ್ಟುಕೊಳ್ಳಿ. ಒಂದು ಪುಟ ಸೇರಿಸಿ ಕಮಿಟ್ ಮಾಡಿದರೆ ಸುಮಾರು 50 ಲಕ್ಷ ಬೈಟ್ ಹೊಸದಾಗಿ ಬರೆಯಬೇಕು. ಕಡತ ಕೊನೆಯಲ್ಲಿ ಮಾತ್ರ ಬೆಳೆಯುವಂಥದ್ದು, ಹಳೆಯ ಪ್ರತಿ ಪ್ಯಾಕ್ ಮಾಡಿ ಕಸ ತೆಗೆಯುವವರೆಗೂ ಅಲ್ಲೇ ಬಿದ್ದಿರುತ್ತದೆ. ಹೀಗೆ ಹತ್ತು ಸಾವಿರ ಪುಟ ಒಂದೊಂದಾಗಿ ಸೇರಿಸಿದರೆ ಡಿಸ್ಕ್‌ನಲ್ಲಿ 50 ಜಿಬಿ. ಓದುವವನ ಪಾಡೂ ಇಷ್ಟೇ. ಒಂದು ಪುಟ ಬೇಕೆಂದು ಬಂದವನು ಲಕ್ಷ ನಮೂದುಗಳನ್ನೂ ಮೆಮೊರಿಗೆ ಎಳೆದುಕೊಳ್ಳಬೇಕು. ಇನ್ನು ಇಬ್ಬರು ಒಟ್ಟಿಗೆ ಸೇರಿಸಲು ಬಂದರೆ ಒಬ್ಬನಿಗೆ ಕೆಂಪು ಸಾಲು ಖಂಡಿತ.

ಹತ್ತಿಪ್ಪತ್ತು ಸೆಟ್ಟಿಂಗ್‌ಗಳಿಗೆ ಮ್ಯಾಪಿಂಗ್ ಸಾಕು. ಬೆಳೆಯುತ್ತಲೇ ಹೋಗುವ ಸಂಗ್ರಹಕ್ಕೆ ಬೇಡ. ಇದು ಹುಡುಗನಿಗೂ ಗೊತ್ತಾಗಿ, ಕಳೆದ ವಾರವೇ ಓಓಬಿಟ್ರೀಗೆ ಬದಲಾಯಿಸಿದ್ದಾನೆ. ಕೀ ಜಾಗದಲ್ಲೂ ಮೌಲ್ಯದ ಜಾಗದಲ್ಲೂ ಯಾವ ಆಬ್ಜೆಕ್ಟ್ ಬೇಕಾದರೂ ಇಡಬಹುದಾದ ಬಿ-ಟ್ರೀ ಅದು. ಆದರೂ ಕೆಂಪು ಸಾಲು ನಿಂತಿಲ್ಲ.

"ಒಂದು ಚಿಕ್ಕ ಮರ ಮಾಡಿ ತೋರಿಸು. ಬೇರೆ ವಿಂಡೋದಲ್ಲಿ."

ಹುಡುಗ ಪೈಥಾನ್ ಪ್ರಾಂಪ್ಟ್ ತೆರೆದು ಖಾಲಿ ಓಓಬಿಟ್ರೀ ಮಾಡುತ್ತಾನೆ. 1ರಿಂದ 30ರವರೆಗೆ ಕೀಗಳನ್ನು ಒಂದೊಂದಾಗಿ ಹಾಕಿ, ಗೆಟ್‌ಸ್ಟೇಟ್ ಕರೆದು ಮರದ ಹೊಟ್ಟೆಯೊಳಗೆ ಏನಿದೆ ಎಂದು ಮುದ್ರಿಸುತ್ತಾನೆ. ನೀವು ನೋಡುವುದು ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು, ನಡುವೆ ಕೀ, ಮೌಲ್ಯ, ಕೀ, ಮೌಲ್ಯ ಎಂದು ಒಂದೇ ಉದ್ದ ಸಾಲು. ಮರವೆಂದು ಕರೆದರೂ ಇನ್ನೂ ಒಂದೇ ಬಕೆಟ್, ಕೀ-ಮೌಲ್ಯಗಳ ಒಂದೇ ಗಂಟು. ಅದಕ್ಕೆ ತನ್ನದೇ ಗುರುತು ಸಂಖ್ಯೆ ಕೂಡ ಸಿಕ್ಕಿಲ್ಲ, ಮರದ ಪಿಕಲ್‌ನೊಳಗೇ ಮಡಚಿ ಕೂತಿದೆ.

"ಈಗ 31 ಹಾಕು."

ಹಾಕುತ್ತಾನೆ, ಮತ್ತೆ ಮುದ್ರಿಸುತ್ತಾನೆ. ಉದ್ದ ಸಾಲು ಮಾಯ. ಅದರ ಜಾಗದಲ್ಲಿ ಮುಖ್ಯವಾಗಿ ಮೂರು ವಸ್ತು: ಒಂದು ಬಕೆಟ್, 16 ಎಂಬ ಅಂಕಿ, ಇನ್ನೊಂದು ಬಕೆಟ್. 16ಕ್ಕಿಂತ ಚಿಕ್ಕದು ಎಡಕ್ಕೆ, 16 ಮತ್ತು ಅದಕ್ಕಿಂತ ದೊಡ್ಡದು ಬಲಕ್ಕೆ. ಓಓಬಿಟ್ರೀಯ ಬಕೆಟ್‌ಗೆ 30 ಮಿತಿ. ಮೀರಿದ ಕೂಡಲೇ ಅದು ನಡುವೆ ಸೀಳಿ 15 ಎಡಕ್ಕೆ, 16 ಬಲಕ್ಕೆ ಹೋಗಿವೆ. ಇನ್ನು ಮುಂದೆ ಒಂದೊಂದು ಬಕೆಟ್ಟೂ ಡಿಸ್ಕ್ ಮೇಲೆ ಸ್ವತಂತ್ರ ಆಬ್ಜೆಕ್ಟ್. ತಿದ್ದಿದರೆ ಆ ಬಕೆಟ್ ಒಂದನ್ನೇ ಬರೆದರಾಯಿತು, ಓದಿದರೆ ಅದೊಂದನ್ನೇ ಎಳೆದುಕೊಂಡರಾಯಿತು.

ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್‌ನ ಸಂಶೋಧನಾಲಯದಲ್ಲಿದ್ದಾಗ ರೂಪಿಸಿ, 1972ರಲ್ಲಿ ಪ್ರಬಂಧವಾಗಿ ಪ್ರಕಟಿಸಿದ ಉಪಾಯದ ಒಂದು ಮರಿ ಇದು. ಆಗಿನ ಡಿಸ್ಕ್‌ನಲ್ಲಿ ಒಂದೊಂದು ಓದಿಗೂ ಬೆಲೆ ಇತ್ತು, ಆದ್ದರಿಂದ ಅಕ್ಕಪಕ್ಕದ ಕೀಗಳನ್ನು ಒಂದೇ ತುಂಡಿನಲ್ಲಿ ಇಟ್ಟರು. ಈಗ ಡಿಸ್ಕ್ ವೇಗವಾಗಿದೆ. ಆದರೆ ಡೇಟಾಬೇಸ್ ಸರ್ವರ್ ಬೇರೆ ಯಂತ್ರದಲ್ಲಿದ್ದರೆ ಒಂದೊಂದು ಬಕೆಟ್‌ಗೂ ನೆಟ್‌ವರ್ಕ್ ದಾಟಿ ಹೋಗಿ ಬರಬೇಕು. ಬೆಲೆ ತೆರುವ ಜಾಗ ಬದಲಾಗಿದೆ ಅಷ್ಟೆ.

ಮೇಡಂ ಪೆನ್ನಿನ ತುದಿಯಿಂದ ಪರದೆಯ ಮೇಲಿನ 16ನ್ನು ಮುಟ್ಟುತ್ತಾರೆ. "ನಿನ್ನ ನಿಜವಾದ ಮರದಲ್ಲಿ ಈ ಜಾಗದಲ್ಲಿ ಏನಿದೆ?"

ಹುಡುಗ ಸ್ವಲ್ಪ ಹೆಮ್ಮೆಯಿಂದಲೇ ತೋರಿಸುತ್ತಾನೆ. ಅವನ ಕೀ ಒಂದು ಟ್ಯೂಪಲ್: ಪತ್ರಿಕೆಯ ಹೆಸರು, ವರ್ಷ, ತಿಂಗಳು, ಪುಟ. ಅವನ ವಾದವೂ ಸಣ್ಣದಲ್ಲ. ಹೀಗಿಟ್ಟರೆ ಒಂದು ಸಂಚಿಕೆಯ ಪುಟಗಳೆಲ್ಲ ತಾವಾಗಿ ಅಕ್ಕಪಕ್ಕ ಬರುತ್ತವೆ. ಓದುಗ ಒಂದನೇ ಪುಟ ತೆರೆದಾಗ ಬಂದ ಬಕೆಟ್‌ನಲ್ಲೇ ಎರಡೂ ಮೂರೂ ಇರುತ್ತವೆ. ಕೀ ನೋಡಿದರೇ ಇದು ಯಾವುದೆಂದು ಮನುಷ್ಯನಿಗೂ ತಿಳಿಯುತ್ತದೆ.

ಮೇಡಂ ತಲೆಯಾಡಿಸುತ್ತಾರೆ. ಹೌದೆಂದೋ ಅಲ್ಲವೆಂದೋ ನಿಮಗೆ ಗೊತ್ತಾಗುವುದಿಲ್ಲ. ಪ್ರಾಂಪ್ಟ್‌ನಲ್ಲಿ ಅವರೇ ಎರಡು ಸಾಲು ಹೊಡೆಯುತ್ತಾರೆ. ಎರಡರಲ್ಲೂ ಇರುವುದು ಕೋಟೆ ಎಂಬ ಒಂದೇ ಶಬ್ದ. ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಎರಡರ ಉದ್ದ ಕೇಳುತ್ತಾರೆ. ಒಂದಕ್ಕೆ 4, ಇನ್ನೊಂದಕ್ಕೆ 6.

"ಹಾಂ?" ಹುಡುಗ ಮುಂದೆ ಬಾಗುತ್ತಾನೆ.

ಯೂನಿಕೋಡ್‌ನಲ್ಲಿ ಒತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಊಕಾರದ ಕೊಂಬು, ದೀರ್ಘದ ಚಿಹ್ನೆ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಫಾಂಟ್ ಎರಡನ್ನೂ ಒಂದೇ ರೀತಿ ಬಿಡಿಸುತ್ತದೆ. ಬಿ-ಟ್ರೀ ಚಿತ್ರ ನೋಡುವುದಿಲ್ಲ, ಸಂಕೇತ ನೋಡುತ್ತದೆ. ಅದರ ಮಟ್ಟಿಗೆ ಇವು ಎರಡು ಬೇರೆ ಕೀಗಳು, ಬಹುಶಃ ಎರಡು ಬೇರೆ ಬಕೆಟ್‌ಗಳಲ್ಲಿ. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಯಾವುದೋ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಸಿದವರಿಗೆ ಇಂಥವು ಹೊಸದಲ್ಲ. ಎನ್‌ಎಫ್‌ಸಿ ಎಂಬ ರೂಪಕ್ಕೆ ತಂದರೆ ಇದು ಸರಿಹೋಗುತ್ತದೆ. ಆದರೆ ರಾಜ್‌ಕುಮಾರ್ ಎಂಬುದರಲ್ಲಿ ಜ್ ಕೆಳಗೆ ಕ ಒತ್ತಕ್ಷರವಾಗದಂತೆ ತಡೆಯಲು ನಡುವೆ ಹಾಕುವ ಕಾಣದ ಅಕ್ಷರ ಇದೆಯಲ್ಲ, ಅದನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಒಬ್ಬ ಟೈಪಿಸ್ಟ್ ಅದನ್ನು ಹಾಕಿರುತ್ತಾನೆ, ಇನ್ನೊಬ್ಬ ಹಾಕಿರುವುದಿಲ್ಲ. ಹುಡುಕುವ ಕೀಯಿಂದ ಅದನ್ನು ತೆಗೆಯಬೇಕು, ತೋರಿಸುವ ಶೀರ್ಷಿಕೆಯಲ್ಲಿ ಉಳಿಸಬೇಕು. ಅಲ್ಲಿಗೆ ಕೀ ಬೇರೆ, ಶೀರ್ಷಿಕೆ ಬೇರೆ ಆಯಿತು.

ಮೇಡಂ ಇನ್ನೂ ಬಿಟ್ಟಿಲ್ಲ. ಬಲೆ, ಬಸವ, ಬಳೆ ಎಂದು ಮೂರು ಶಬ್ದ ಕೊಟ್ಟು ಸಾರ್ಟ್ ಮಾಡಿಸುತ್ತಾರೆ. ಉತ್ತರ: ಬಲೆ, ಬಳೆ, ಬಸವ.

"ಳ ಕೊನೆಗೆ ಬರಬೇಕಲ್ವಾ ಮೇಡಂ? ಹ ಆದ ಮೇಲೆ?"

"ನಿಘಂಟಿನಲ್ಲಿ ಬರ್ತದೆ. ಯೂನಿಕೋಡ್ ಕೋಷ್ಟಕದಲ್ಲಿ ಲ ಪಕ್ಕದಲ್ಲೇ ಕೂತಿದೆ."

ಓದುಗನಿಗೆ ಅಕಾರಾದಿ ಪಟ್ಟಿ ತೋರಿಸಲು ಮರದ ಕ್ರಮವನ್ನೇ ನಂಬಿದರೆ ಕನ್ನಡ ಮೇಷ್ಟ್ರೊಬ್ಬರ ದೂರಿನ ಪತ್ರ ಬರುತ್ತದೆ. ಕೋಷ್ಟಕದ ಕ್ರಮ ಯಂತ್ರಕ್ಕೆ ಸಾಕು, ಯಾಕೆಂದರೆ ಅದಕ್ಕೆ ಬೇಕಾದದ್ದು ಎಂದೂ ಬದಲಾಗದ ಒಂದು ಕ್ರಮ ಮಾತ್ರ. ಇದು ಸಣ್ಣ ಷರತ್ತಿನಂತೆ ಕಾಣುತ್ತದೆ, ಆದರೆ ಮರ ನಿಂತಿರುವುದೇ ಇದರ ಮೇಲೆ. ಯಾವ ಎರಡು ಕೀ ತೆಗೆದುಕೊಂಡರೂ ಯಾವುದು ಚಿಕ್ಕದೆಂದು ಹೇಳಲು ಬರಬೇಕು, ಇವತ್ತು ಹೇಳಿದ್ದನ್ನೇ ಹತ್ತು ವರ್ಷ ಬಿಟ್ಟೂ ಹೇಳಬೇಕು. ತಿದ್ದಬಹುದಾದ ಆಬ್ಜೆಕ್ಟನ್ನು ಕೀ ಮಾಡಿ, ಒಳಗೆ ಹಾಕಿದ ಮೇಲೆ ಅದರ ಹೆಸರು ಬದಲಾಯಿಸಿದಿರೋ, ಅದು ಕೂತಿರುವ ಬಕೆಟ್ ಒಂದು, ಹುಡುಕುವವನು ಹೋಗುವ ಬಕೆಟ್ ಇನ್ನೊಂದು. ವಸ್ತು ಇದೆ, ಸಿಗುವುದಿಲ್ಲ. ಎರರ್ ಕೂಡ ಇಲ್ಲ.

ಹುಡುಗನ ಟ್ಯೂಪಲ್‌ನಲ್ಲಿ ಇದರ ಸೋದರಸಂಬಂಧಿಯೊಂದು ಅಡಗಿದೆ, ಮೇಡಂ ಅದನ್ನೂ ಹುಡುಕಿ ತೆಗೆಯುತ್ತಾರೆ. ಪುಟದ ಜಾಗದಲ್ಲಿ ಸಾಮಾನ್ಯವಾಗಿ 12, 13 ಎಂಬ ಅಂಕಿಗಳು. ಕೆಲವು ಕಡೆ ಮಾತ್ರ 'ಮುಖಪುಟ' ಎಂಬ ಶಬ್ದ. ಪೈಥಾನ್ 3 ಅಂಕಿಯನ್ನೂ ಶಬ್ದವನ್ನೂ ಹೋಲಿಸಲು ಒಪ್ಪುವುದಿಲ್ಲ, ಟೈಪ್ ಎರರ್ ಕೊಟ್ಟು ನಿಲ್ಲುತ್ತದೆ. ಆದರೆ ಕೂಡಲೇ ಅಲ್ಲ. ಟ್ಯೂಪಲ್‌ಗಳನ್ನು ಎಡದಿಂದ ಹೋಲಿಸುವುದರಿಂದ ಪತ್ರಿಕೆ, ವರ್ಷ, ತಿಂಗಳು ಮೂರೂ ಒಂದೇ ಆದಾಗ ಮಾತ್ರ ಪುಟದವರೆಗೆ ಬರುತ್ತದೆ. ಒಂದು ಸಂಚಿಕೆಯ ಮುಖಪುಟವೊಂದೇ ಮೊದಲು ಬಂದು ಕೂತಿದ್ದರೆ ಎಲ್ಲವೂ ಚೆನ್ನಾಗಿರುತ್ತದೆ. ಅದೇ ಸಂಚಿಕೆಯ 12ನೇ ಪುಟ ಮುಂದಿನ ಗುರುವಾರ ಬಂದಾಗ ಸ್ಫೋಟ. ತಪ್ಪು ಮಾಡಿದ ಪುಟ ಒಂದು, ಬೈಸಿಕೊಳ್ಳುವ ಪುಟ ಇನ್ನೊಂದು.

ಇಷ್ಟರ ಮೇಲೆ ತೂಕದ ಲೆಕ್ಕ. ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ 3 ಬೈಟ್, ಕೋಟೆ ಎಂಬ ಪುಟ್ಟ ಶಬ್ದಕ್ಕೇ 12. ಬಕೆಟ್‌ನ ಪಿಕಲ್‌ನಲ್ಲಿ ಕೀಗಳೆಲ್ಲ ಪೂರ್ತಿಯಾಗಿ ಕೂರುತ್ತವೆ. ಪತ್ರಿಕೆಯ ಹೆಸರಿನಲ್ಲಿ ಒಂದು ಕಾಗುಣಿತ ತಿದ್ದಿದರೆ ಕೀ ಬದಲಾಗುತ್ತದೆ, ಅಂದರೆ ಅಳಿಸಿ ಬೇರೆಡೆ ಸೇರಿಸಬೇಕು, ಹಳೆಯ ಕೀ ನಂಬಿದ್ದ ಕೊಂಡಿಗಳನ್ನೆಲ್ಲ ತಿದ್ದಬೇಕು. ಅರ್ಥ ತುಂಬಿದ ಕೀ ನೋಡಲು ಚಂದ. ಆದರೆ ಅರ್ಥ ತಿದ್ದುಪಡಿಗೆ ಒಳಪಡುವಂಥದ್ದು, ಕೀ ಒಳಪಡಬಾರದಂಥದ್ದು. ಮುಖ್ಯ ಸಂಗ್ರಹಕ್ಕೆ ಅರ್ಥವಿಲ್ಲದ ಪುಟ್ಟ ಪೂರ್ಣಾಂಕವೇ ಸರಿ ಎಂಬ ಪಕ್ಷದವನು ನಾನು. ಮೇಡಂ ಕೂಡ ಅದೇ ಪಕ್ಷ.

"ಐಓಬಿಟ್ರೀ ಮಾಡು."

ಕೀ ಜಾಗದಲ್ಲಿ 32 ಬಿಟ್‌ನ ಪೂರ್ಣಾಂಕ ಮಾತ್ರ, ಮೌಲ್ಯದಲ್ಲಿ ಯಾವ ಆಬ್ಜೆಕ್ಟ್ ಆದರೂ ಸರಿ. ಕೀಗಳು ಸಿ ಭಾಷೆಯ ಅಂಕಿಗಳಾಗಿಯೇ ಇರುವುದರಿಂದ ಹೋಲಿಕೆಗೆ ಪೈಥಾನನ್ನು ಎಬ್ಬಿಸಬೇಕಿಲ್ಲ. ಬಕೆಟ್‌ನ ಮಿತಿಯೂ 60. 200 ಕೋಟಿ ದಾಟುವ ಸಂಖ್ಯೆಗಳಿದ್ದರೆ 64 ಬಿಟ್‌ನ ಎಲ್‌ಓಬಿಟ್ರೀ ಇದೆ. ಪತ್ರಿಕೆಯ ಪುಟಗಳಿಗೆ ಅಷ್ಟು ಬೇಡ.

ಹುಡುಗನ ಬೆರಳು ಆಗಲೇ ಓಡುತ್ತಿದೆ. ಹೊಸ ಪುಟ ಬಂದರೆ ಮರದ ಅತಿ ದೊಡ್ಡ ಕೀಗೆ ಒಂದು ಕೂಡಿಸಿ ಕೊಡುವುದು. 1, 2, 3, 4. ಸರಳ. ನಾಲ್ಕೂ ಪ್ರೋಸೆಸ್ ಮತ್ತೆ ಓಡಬಿಡುತ್ತಾನೆ.

ಕೆಂಪು ಸಾಲುಗಳ ಸುರಿಮಳೆ. ಮೊದಲಿಗಿಂತ ಹೆಚ್ಚು.

ಮೇಡಂ ನಗುತ್ತಾರೆ. ನೀವು ಲಾಗನ್ನು ಮತ್ತೊಮ್ಮೆ ಬಗ್ಗಿ ನೋಡಿ: ಜಗಳವೆಲ್ಲ ಮರದ ಕೊನೆಯ ಬಕೆಟ್‌ನಲ್ಲಿ. ಹಿಂದಿನ ಬಾಗಿಲು ಮುಚ್ಚಿದ ಸಿಟಿ ಬಸ್ಸಿಗೆ ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವ ಹಾಗೆ ನಾಲ್ವರೂ ಅಲ್ಲೇ ನುಗ್ಗುತ್ತಿದ್ದಾರೆ. ಅತಿ ದೊಡ್ಡ ಕೀ 4,211 ಎಂದು ಇಬ್ಬರೂ ಓದಿಕೊಂಡರೆ ಇಬ್ಬರೂ 4,212 ಎಂದು ಬರೆಯಲು ಬರುತ್ತಾರೆ. ಒಂದೇ ಕೀಗೆ ಇಬ್ಬರು ಎಂದ ಮೇಲೆ ರಾಜಿ ಇಲ್ಲ.

ರಾಜಿ ಎಂಬುದು ಇಲ್ಲಿ ನಿಜಕ್ಕೂ ಇದೆ ಎನ್ನುವುದೇ ಬಿ-ಟ್ರೀಯ ಒಳ್ಳೆಯ ಗುಣ. ಇಬ್ಬರು ಒಂದೇ ಬಕೆಟ್ ತಿದ್ದಿದರೂ ಕೂಡಲೇ ಒಬ್ಬನನ್ನು ಹೊರಗೆ ಹಾಕುವುದಿಲ್ಲ. ಇಬ್ಬರೂ ಓದಿಕೊಂಡ ಹಳೆಯ ಸ್ಥಿತಿ, ಮೊದಲು ಕಮಿಟ್ ಆದವನ ಸ್ಥಿತಿ, ಈಗ ಬಂದವನ ಸ್ಥಿತಿ, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ. ಒಬ್ಬ ಮುಟ್ಟಿದ ಕೀಯನ್ನು ಇನ್ನೊಬ್ಬ ಮುಟ್ಟಿಲ್ಲದಿದ್ದರೆ ಇಬ್ಬರ ಬದಲಾವಣೆಯನ್ನೂ ಸೇರಿಸಿ ಬರೆಯುತ್ತದೆ, ಲಾಗ್‌ನಲ್ಲಿ ನಿಮಗೆ ಎರರ್ ಕಾಣುವುದಿಲ್ಲ. ಆದರೆ ಇಬ್ಬರಲ್ಲಿ ಒಬ್ಬನಿಂದ ಆ ಬಕೆಟ್ ಸೀಳಿಹೋಗಿದ್ದರೆ ರಾಜಿ ಮುರಿಯುತ್ತದೆ. ಅಳಿಸುತ್ತಾ ಅಳಿಸುತ್ತಾ ಬಕೆಟ್ ಖಾಲಿಯಾದರೂ ಅಷ್ಟೇ. ಕ್ರಮಸಂಖ್ಯೆ ಕೊಡುತ್ತಾ ಹೋದರೆ ಸೀಳುವುದೆಲ್ಲ ಕೊನೆಯ ಬಕೆಟ್‌ನಲ್ಲೇ, ಎಲ್ಲರೂ ಇರುವುದೂ ಅಲ್ಲೇ.

"ಹಾಗಾದ್ರೆ ಸಂಖ್ಯೆ ಕೊಡೋಕೆ ಬೇರೆ ಕೌಂಟರ್ ಆಬ್ಜೆಕ್ಟ್ ಇಟ್ಟರೆ?" ಹುಡುಗ ಕೇಳಿ, ಕೇಳುತ್ತಲೇ ತಾನೇ ಉತ್ತರ ಕಂಡುಕೊಂಡು ಮುಖ ಕಿವುಚುತ್ತಾನೆ. ಆ ಕೌಂಟರನ್ನೂ ನಾಲ್ವರೂ ತಿದ್ದಬೇಕಲ್ಲ.

ಕ್ರಮಸಂಖ್ಯೆಗೆ ಇನ್ನೊಂದು ದಂಡವೂ ಇದೆ, ಒಬ್ಬನೇ ಬರೆಯುತ್ತಿದ್ದರೂ ತಪ್ಪದು. 61ನೆಯ ಕೀ ಬಂದಾಗ ಬಕೆಟ್ 30 ಮತ್ತು 31 ಎಂದು ಸೀಳುತ್ತದೆ. ಎಡದ 30ಕ್ಕೆ ಮುಂದೆ ಒಂದೂ ಸೇರುವುದಿಲ್ಲ, ಬರುವುದೆಲ್ಲ ಬಲಕ್ಕೇ. ಹೀಗೆ ಮರದ ಉದ್ದಕ್ಕೂ ಅರ್ಧ ಖಾಲಿ ಬಕೆಟ್‌ಗಳು. ಹತ್ತು ಲಕ್ಷ ಪುಟಕ್ಕೆ ಸುಮಾರು 33,000 ಬಕೆಟ್.

"ಸರಿ, ರ‍್ಯಾಂಡಮ್ ಕೊಡ್ತೀನಿ." ಹುಡುಗನಿಗೆ ಈಗ ಹಠ. 32 ಬಿಟ್‌ನ ವ್ಯಾಪ್ತಿಯಲ್ಲಿ ಯಾವುದೋ ಸಂಖ್ಯೆ ಎತ್ತಿ, ಅದು ಖಾಲಿಯಿದ್ದರೆ ಕೊಡುವುದು. ಓಡಿಸುತ್ತಾನೆ. ಕೆಂಪು ಸಾಲುಗಳು ಬಹುಮಟ್ಟಿಗೆ ನಿಂತೇಹೋಗುತ್ತವೆ. ಬಕೆಟ್‌ಗಳೂ ಚೆನ್ನಾಗಿ ತುಂಬುತ್ತವೆ. ಸರಾಸರಿ ನೂರಕ್ಕೆ 69 ಭಾಗ ಎಂಬುದು ಬಿ-ಟ್ರೀಗಳ ಹಳೆಯ ಲೆಕ್ಕ, ಹಾಗಾಗಿ ಅದೇ ಹತ್ತು ಲಕ್ಷ ಪುಟ ಸುಮಾರು 24,000 ಬಕೆಟ್‌ಗಳಲ್ಲಿ ಹಿಡಿಯುತ್ತದೆ. ಹುಡುಗ ಗೆದ್ದವನಂತೆ ಹಿಂದಕ್ಕೆ ಒರಗುತ್ತಾನೆ.

ಮೇಡಂ ಲಾಗ್ ನೋಡುತ್ತಿಲ್ಲ. ಇನ್ನೊಂದು ವಿಂಡೋದಲ್ಲಿ ಡೇಟಾ ಕಡತದ ಗಾತ್ರ ನೋಡುತ್ತಿದ್ದಾರೆ. ಅಂಕಿ ದಡದಡನೆ ಏರುತ್ತಿದೆ.

ಲೆಕ್ಕ ಹಾಕಿ. ಒಂದು ಟ್ರಾನ್ಸಾಕ್ಷನ್‌ನಲ್ಲಿ 500 ಪುಟ ಸೇರಿಸುತ್ತಾನೆ. ಕೀಗಳು ಮರದ ತುಂಬ ಚೆಲ್ಲಿಹೋದರೆ 500 ಪುಟಕ್ಕೆ ಹೆಚ್ಚುಕಡಿಮೆ 500 ಬಕೆಟ್ ತಿದ್ದಬೇಕು, ಒಂದೊಂದನ್ನೂ ಪೂರ್ತಿಯಾಗಿ ಹೊಸದಾಗಿ ಬರೆಯಬೇಕು. ಅದೇ 500 ಕೀ ಒಂದರ ಹಿಂದೊಂದು ಇದ್ದಿದ್ದರೆ ಹದಿನೇಳು ಹದಿನೆಂಟು ಬಕೆಟ್‌ಗಳಲ್ಲಿ ಮುಗಿಯುತ್ತಿತ್ತು. ಓದುವಾಗಲೂ ಇದೇ ಪಾಡು. ಝಡ್‌ಓಡಿಬಿಯ ಒಂದೊಂದು ಕನೆಕ್ಷನ್‌ಗೂ ಒಂದು ಕ್ಯಾಶ್ ಇರುತ್ತದೆ. ನೀವು ಏನೂ ಹೇಳದಿದ್ದರೆ ಅದರ ಗುರಿ 400 ಆಬ್ಜೆಕ್ಟ್. ಮರದ ಬೇರು, ಅದರ ಕೆಳಗಿನ ನೂರರ ಆಸುಪಾಸಿನ ನಡುವಿನ ನೋಡ್‌ಗಳು ಅದರಲ್ಲಿ ಬೆಚ್ಚಗೆ ಉಳಿದುಕೊಳ್ಳುತ್ತವೆ, ಪ್ರತಿ ಹುಡುಕಾಟವೂ ಅವುಗಳ ಮೂಲಕವೇ ಹೋಗುತ್ತದಲ್ಲ. ಬಕೆಟ್‌ಗಳಿಗೆ ಉಳಿಯುವುದು ಮುನ್ನೂರರಷ್ಟು ಜಾಗ. ಇರುವುದು ಇಪ್ಪತ್ತನಾಲ್ಕು ಸಾವಿರ. ಒಂದೇ ಸಂಚಿಕೆಯ 40 ಪುಟಗಳು 40 ಬಕೆಟ್‌ಗಳಲ್ಲಿ ಚದುರಿದ್ದರೆ ಓದುಗ ಪುಟ ತಿರುಗಿಸಿದಷ್ಟು ಸಲ ಸರ್ವರ್‌ಗೆ ಓಡಬೇಕು. ಕ್ಯಾಶ್ ದೊಡ್ಡದು ಮಾಡಬಹುದು, ಮಾಡಲೂಬೇಕು. ಚದುರಿಸಿಟ್ಟ ಮೇಲೆ ಅದು ಹಣ ಕೊಟ್ಟು ಕೊಂಡ ಔಷಧ ಅಷ್ಟೆ.

"ಇದನ್ನ ಹಳಬರು ಹೇಗೆ ಮಾಡಿದಾರೆ ನೋಡು" ಎಂದು ಮೇಡಂ ಝೋಪ್‌ನಲ್ಲಿ ಹುಡುಕಾಟ ನೋಡಿಕೊಳ್ಳುವ ಕ್ಯಾಟಲಾಗ್‌ನ ಕೋಡ್ ತೆರೆಯುತ್ತಾರೆ. ನೀವು ನೋಡಬೇಕಾದದ್ದು ಕೆಲವೇ ಸಾಲು. ಮುಂದಿನ ಸಂಖ್ಯೆ ಯಾವುದೆಂದು ಒಂದೊಂದು ಕನೆಕ್ಷನ್‌ನಲ್ಲಿರುವ ಕ್ಯಾಟಲಾಗ್ ಆಬ್ಜೆಕ್ಟ್ ತನ್ನಲ್ಲೇ ನೆನಪಿಟ್ಟುಕೊಳ್ಳುತ್ತದೆ. ಆ ಹೆಸರಿನ ಮುಂದೆ ಅಡಿಗೆರೆ, ವಿ, ಅಡಿಗೆರೆ ಇದೆ, ಅಂದರೆ ಡಿಸ್ಕ್‌ಗೆ ಹೋಗದ ನೆನಪು. ಆ ಸಂಖ್ಯೆ 4000ದಿಂದ ಭಾಗವಾದರೆ, ಅಥವಾ ನೆನಪೇ ಇಲ್ಲದಿದ್ದರೆ, ಋಣ 200 ಕೋಟಿಯಿಂದ ಧನ 200 ಕೋಟಿಯೊಳಗೆ ಎಲ್ಲಾದರೂ ರ‍್ಯಾಂಡಮ್ ಆಗಿ ಹೋಗಿ ಬೀಳುತ್ತದೆ. ಬಿದ್ದಲ್ಲಿಂದ ಒಂದೊಂದಾಗಿ ಏರುತ್ತದೆ. ಬೇರೆ ಯಾರೋ ಕೂತಿರುವ ಸಂಖ್ಯೆ ಎದುರಾದರೆ ಮತ್ತೆ ನೆಗೆತ.

ಹುಡುಗ ಎರಡು ಸಲ ಓದುತ್ತಾನೆ. "ಅಂದ್ರೆ ಒಬ್ಬೊಬ್ಬರಿಗೂ ಬೇರೆ ಬೇರೆ ಮೂಲೆ. ಮೂಲೆಯೊಳಗೆ ಸಾಲಾಗಿ."

"ಹೂಂ."

ಹತ್ತು ಸಾಲಿನ ಕೋಡ್, ಯಾವ ಪಠ್ಯಪುಸ್ತಕದಲ್ಲೂ ಅಧ್ಯಾಯವಾಗದಂಥದ್ದು. ನನಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ಜಾಣ ಜಾಗಗಳಲ್ಲಿ ಒಂದೆಂದು ಕಾಣುತ್ತದೆ. ನಾಲ್ಕು ಪ್ರೋಸೆಸ್ ಮಾತಾಡಿಕೊಳ್ಳುವುದಿಲ್ಲ, ಬೀಗ ಹಾಕುವುದಿಲ್ಲ, ಕೌಂಟರ್ ಹಂಚಿಕೊಳ್ಳುವುದಿಲ್ಲ. 400 ಕೋಟಿ ಮನೆಗಳ ಬೀದಿಯಲ್ಲಿ ಕಣ್ಣುಮುಚ್ಚಿ ಜಾಗ ಹಿಡಿದರೆ ಇಬ್ಬರು ಒಂದೇ ಬಾಗಿಲು ತಟ್ಟುವ ಸಂಭವ ಬಹಳ ಕಡಿಮೆ. ಒಟ್ಟಿಗೆ ಬಂದ ಪುಟಗಳು ಒಟ್ಟಿಗೇ ಇರುತ್ತವೆ, ಒಟ್ಟಿಗೆ ಬರೆಯುವವರು ದೂರ ಇರುತ್ತಾರೆ.

ಮೂರನೆಯ ಸಲ ಓಡಿಸುತ್ತಾನೆ. ಒಂದು ಕೆಂಪು ಸಾಲು ಬರುತ್ತದೆ, ಬಹಳ ಹೊತ್ತಿನ ಮೇಲೆ ಇನ್ನೊಂದು. ನಾಲ್ವರ ಬಕೆಟ್ ಬೇರೆಯಾದರೂ ಅವು ಸೀಳಿದಾಗಲೆಲ್ಲ ಮೇಲಿನ ನೋಡ್‌ಗೆ ಹೊಸ ಕೀ ಹೋಗಬೇಕು, ಅಲ್ಲಿ ಅಪರೂಪಕ್ಕೆ ಡಿಕ್ಕಿಯಾಗುತ್ತದೆ. ಝೋಪ್ ಇಂಥ ವೆಬ್ ಕೋರಿಕೆಗಳನ್ನು ತಾನೇ ಮೂರು ಸಲದವರೆಗೆ ಮತ್ತೆ ಓಡಿಸಿ ನೋಡುತ್ತದೆ. ಇಂಪೋರ್ಟ್ ಸ್ಕ್ರಿಪ್ಟ್‌ನಲ್ಲಿ ಆ ಕೆಲಸ ಹುಡುಗನದೇ. ಟ್ರಾನ್ಸಾಕ್ಷನ್ ರದ್ದು ಮಾಡಿ ಮತ್ತೆ ಪ್ರಯತ್ನಿಸುವ ಒಂದು ಸುತ್ತು ಸೇರಿಸುತ್ತಾನೆ.

"ಇನ್ನು ಬಕೆಟ್ ಒಳಗೆ ಏನು ಇಟ್ಟಿದ್ದೀ ತೋರಿಸು."

ಪುಟದ ಕ್ಲಾಸ್ ತೆರೆಯುತ್ತಾನೆ. ಮೇಡಂ ಮೊದಲ ಸಾಲಿಗೇ ಬೆರಳಿಡುತ್ತಾರೆ: ಪರ್ಸಿಸ್ಟೆಂಟ್ ಎಂಬ ಮೂಲ ಕ್ಲಾಸಿನಿಂದ ಬಂದಿಲ್ಲ. ಹಾಗಾದರೆ ಪುಟಕ್ಕೆ ಸ್ವಂತ ಗುರುತು ಸಂಖ್ಯೆ ಇಲ್ಲ, ಅದು ಬಕೆಟ್‌ನ ಪಿಕಲ್‌ನೊಳಗೇ ಪೂರ್ತಿಯಾಗಿ ಕೂರುತ್ತದೆ. ಒಸಿಆರ್ ಮಾಡಿದ ಪಠ್ಯ ಪುಟಕ್ಕೆ 10 ಕೆಬಿ ಎಂದರೂ 40 ಪುಟದ ಬಕೆಟ್ 400 ಕೆಬಿ. ಒಂದು ಪುಟದ ದಿನಾಂಕ ತಿದ್ದಲು 400 ಕೆಬಿ ಓದಿ 400 ಕೆಬಿ ಬರೆಯಬೇಕು. ಪರ್ಸಿಸ್ಟೆಂಟ್ ಮಾಡಿದರೆ ಬಕೆಟ್‌ನಲ್ಲಿ ಉಳಿಯುವುದು ಕೀ ಮತ್ತು ಒಂದು ಕೊಂಡಿ. ಪುಟ ಬೇಕೆಂದು ಮುಟ್ಟುವವರೆಗೆ ಅದು ಘೋಸ್ಟ್, ಹೆಸರಷ್ಟೇ ಇರುವ ಖಾಲಿ ಆಬ್ಜೆಕ್ಟ್. ಮುಟ್ಟಿದಾಗ ಒಂದು ಹೆಚ್ಚಿನ ಓದು ಬೀಳುತ್ತದೆ. ಆದ್ದರಿಂದ ಎಲ್ಲವನ್ನೂ ಪರ್ಸಿಸ್ಟೆಂಟ್ ಮಾಡುವುದೂ ಜಾಣತನವಲ್ಲ. ಪಟ್ಟಿಯಲ್ಲಿ ತೋರಿಸುವ ಶೀರ್ಷಿಕೆ, ವರ್ಷ ಎಂಬ ಎರಡು ಚಿಕ್ಕ ವಿವರ ಬಕೆಟ್‌ನಲ್ಲೇ ಇದ್ದರೆ 20 ಸಾಲಿನ ಪಟ್ಟಿಗೆ 20 ಪುಟಗಳನ್ನು ಎಬ್ಬಿಸಬೇಕಿಲ್ಲ. ಕ್ಯಾಟಲಾಗ್ ಅದಕ್ಕೇ ಬೇರೆ ಐಓಬಿಟ್ರೀ ಇಟ್ಟುಕೊಂಡಿದೆ.

ಹುಡುಗ ಈ ನಡುವೆ ಒಟ್ಟು ಎಷ್ಟು ಸೇರಿತು ಎಂದು ನೋಡಲು ಮರದ ಲೆನ್ ಕೇಳುತ್ತಾನೆ. ಕರ್ಸರ್ ನಿಂತುಬಿಡುತ್ತದೆ. ಮರ ತನ್ನ ಎಣಿಕೆಯನ್ನು ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ, ಬರೆದಿಟ್ಟಿದ್ದರೆ ಪ್ರತಿ ಸೇರ್ಪಡೆಯೂ ಅದನ್ನು ತಿದ್ದಬೇಕಾಗಿ ಎಲ್ಲರೂ ಅಲ್ಲಿ ಮುಗ್ಗರಿಸುತ್ತಿದ್ದರು. ಕೇಳಿದಾಗ ಬಕೆಟ್‌ನಿಂದ ಬಕೆಟ್‌ಗೆ ನಡೆದು ಎಣಿಸುತ್ತದೆ. ಖಾಲಿಯೋ ಅಲ್ಲವೋ ಎಂದಷ್ಟೇ ಕೇಳಿದರೆ ಒಡನೆ ಹೇಳುತ್ತದೆ. ಎಣಿಕೆಯೇ ಬೇಕಿದ್ದರೆ ಲೆಂಗ್ತ್ ಎಂಬ ಪ್ರತ್ಯೇಕ ಆಬ್ಜೆಕ್ಟ್ ಇದೆ. ಇಬ್ಬರು ಒಟ್ಟಿಗೆ ತಿದ್ದಿದರೆ ಇಬ್ಬರ ಕೂಡಿಕೆಯನ್ನೂ ಸೇರಿಸಿಕೊಂಡು ರಾಜಿಯಾಗುವಂತೆ ಬರೆದದ್ದು.

ಈಗ ಅರ್ಥವನ್ನು ಪಕ್ಕದ ಮರಗಳಿಗೆ ಸಾಗಿಸುವ ಕೆಲಸ. ಶೀರ್ಷಿಕೆಗೆ ಒಂದು ಓಓಬಿಟ್ರೀ: ಕೀ, ಎನ್‌ಎಫ್‌ಸಿಗೆ ತಂದು ಕಾಣದ ಅಕ್ಷರ ತೆಗೆದ ಹೆಸರು, ಮೌಲ್ಯ, ಆ ಹೆಸರಿನ ಪುಟಗಳ ಸಂಖ್ಯೆಗಳಿರುವ ಟ್ರೀಸೆಟ್, ಅಂದರೆ ಕೀಗಳಷ್ಟೇ ಇರುವ ಮರ. ದಿನಾಂಕಕ್ಕೆ ಐಓಬಿಟ್ರೀ. ಝೋಪ್‌ನ ಡೇಟ್ ಇಂಡೆಕ್ಸ್ ವರ್ಷವನ್ನು 12ರಿಂದ ಗುಣಿಸಿ ತಿಂಗಳು ಕೂಡಿಸಿ, ಅದನ್ನು 31ರಿಂದ ಗುಣಿಸಿ ದಿನ ಕೂಡಿಸಿ, ಹಾಗೇ ಗಂಟೆ, ನಿಮಿಷದವರೆಗೆ ಹೋಗಿ ಒಂದೇ ಪೂರ್ಣಾಂಕ ಮಾಡುತ್ತದೆ. ಕ್ರಿ.ಶ. 4000ದ ಆಸುಪಾಸಿನವರೆಗೆ 32 ಬಿಟ್‌ನಲ್ಲಿ ಹಿಡಿಯುತ್ತದೆ, ಅಲ್ಲಿಯವರೆಗೆ ಚಿಂತೆಯಿಲ್ಲ. 1927ರ ಪುಟಗಳೆಲ್ಲ ಬೇಕೆಂದರೆ ಎರಡು ಪೂರ್ಣಾಂಕಗಳ ನಡುವಿನ ಕೀಗಳನ್ನು ಕೇಳಿದರಾಯಿತು. ಮರ ಮೊದಲ ಬಕೆಟ್ ಹುಡುಕಿ, ಅಲ್ಲಿಂದ ಪಕ್ಕದ್ದಕ್ಕೆ ಕೊಂಡಿ ಹಿಡಿದು ನಡೆಯುತ್ತದೆ. ಶೀರ್ಷಿಕೆಯ ಸೆಟ್ ಮತ್ತು ವರ್ಷದ ಸೆಟ್ ಎರಡರ ಛೇದನ ತೆಗೆದರೆ ಬೇಕಾದ ಪುಟಗಳ ಸಂಖ್ಯೆಗಳು. ಎಲ್ಲವೂ ಪೂರ್ಣಾಂಕವಾದ್ದರಿಂದ ಈ ಕೆಲಸ ಸಿ ಭಾಷೆಯ ವೇಗದಲ್ಲಿ ನಡೆಯುತ್ತದೆ. ಒಂದು ಪುಟವನ್ನೂ ಎಬ್ಬಿಸುವುದಿಲ್ಲ.

"ಯುಆರ್‌ಎಲ್‌ನಲ್ಲಿ ಸಂಖ್ಯೆ ಹಾಕಿದ್ರೆ ಚೆನ್ನಾಗಿರಲ್ಲ ಮೇಡಂ. ಋಣ ಚಿಹ್ನೆ ಬೇರೆ ಬರುತ್ತೆ."

"ಯುಆರ್‌ಎಲ್‌ಗೆ ಇನ್ನೊಂದು ಮರ ಇಡು. ಪಾತ್‌ನಿಂದ ಸಂಖ್ಯೆಗೆ ಓಐಬಿಟ್ರೀ, ಸಂಖ್ಯೆಯಿಂದ ಪಾತ್‌ಗೆ ಐಓಬಿಟ್ರೀ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ತಿದ್ದು, ಒಂದನ್ನ ಬಿಟ್ಟು ಒಂದನ್ನಲ್ಲ."

"ಪುಟ ಅಳಿಸಿದ್ರೆ ಆ ಸಂಖ್ಯೆ ಬೇರೆಯವರಿಗೆ ಕೊಡಬಹುದಾ?"

ಮೇಡಂ ಸ್ವಲ್ಪ ಯೋಚಿಸುತ್ತಾರೆ. ಯಾವುದೋ ಇಂಡೆಕ್ಸ್‌ನಲ್ಲಿ ಹಳೆಯ ಸಂಖ್ಯೆ ತೆಗೆಯದೆ ಉಳಿದಿದ್ದರೆ 1927ರ ಹುಡುಕಾಟದಲ್ಲಿ 1954ರ ಪುಟ ತಲೆಹಾಕುತ್ತದೆ, ಯಾರಿಗೂ ಕಾರಣ ತಿಳಿಯುವುದಿಲ್ಲ.

"ಬೇಡ" ಎನ್ನುತ್ತಾರೆ. "400 ಕೋಟಿ ಇದೆ. ಹೊಸದು ಕೊಡು. ಅಳಿಸೋವಾಗ ಎಲ್ಲಾ ಇಂಡೆಕ್ಸ್‌ನಿಂದಲೂ ತೆಗೀತಿದ್ದೀಯಾ ಅಂತ ಒಂದು ಟೆಸ್ಟ್ ಬರಿ. ಅದು ಪಾಸಾದ ಮೇಲೆ ಹಳೆ ಟ್ಯೂಪಲ್ ಮರ ಅಳಿಸಿ ಪ್ಯಾಕ್ ಮಾಡೋಣ. ಮುಖಪುಟಗಳದ್ದು ಮಾತ್ರ ಮೊದಲು ಎಕ್ಸೆಲ್‌ಗೆ ತೆಗೆದಿಟ್ಟುಕೋ."